ಸೊಂಟಕ್ಕೆ ಕಟ್ಟಿದ ಸೀರೆ

ಹಗ್ಗ ಹೆಣೆದ ಹೊರಸಿನ ಸಮೇತ ಅವಳನ್ನು ಹೊತ್ತು ತಂದಿದ್ದರು. ಔರಾದ ತಾಲ್ಲೂಕಿನ ನಮ್ಮ ಚಿಕ್ಕ ಆಸ್ಪತ್ರೆಯ ಬಾಗಿಲು ಸ್ಟ್ರೆಚರ್ ಹಿಡಿಸುವಷ್ಟೇ ಅಗಲ, ಹೊರಸು ಒಳಗೆ ಬರಲಿಲ್ಲ. ನಾಲ್ಕು ಮಂದಿ ಅದನ್ನು ಓರೆ ಮಾಡಿ ತೂರಿಸಲು ಹೆಣಗುತ್ತಿದ್ದರು. ಮೇಲೆ ಮಲಗಿದ್ದ ಹೆಂಗಸು ಒಂದು ಕಡೆಗೆ ಜಾರಿ ಕಿಟಾರನೆ ಕೂಗಿದಳು. ನಾನು ಮುಂದೆ ಕೂತಿದ್ದ ಕೆಮ್ಮಿನ ರೋಗಿಯನ್ನು ಅಲ್ಲೇ ಬಿಟ್ಟು ಓಡಿ ಬಂದೆ.

"ಇಳಸ್ರಿ ಕೆಳಗ! ಓರೆ ಮಾಡಬ್ಯಾಡ್ರಿ ಅಂದ್ರ! ತಲಿ ಅದ ಏನ್ರಿ ನಿಮಗ? ಇಲ್ಲೇ ಕಟ್ಟಿ ಮ್ಯಾಲ ಇಡ್ರಿ, ನಾ ಇಲ್ಲೇ ನೋಡ್ತೇನಿ."

ನನ್ನ ಬಾಯಿ ಜೋರು. ಚಿದ್ರಿಯ ನಮ್ಮ ಮನೆಯಲ್ಲಿ ಅವ್ವ ಇವತ್ತಿಗೂ "ಇಕಿ ಡಾಕ್ಟರ್ ಆಗೋದಲ್ಲ, ಫೌಜದಾರ್ ಆಗಬೇಕಿತ್ತು" ಅನ್ನುತ್ತಾಳೆ. ಅವತ್ತು ಆ ಬಾಯಿ ಉಪಯೋಗಕ್ಕೆ ಬಂತು. ಹೊರಸು ಮೆಲ್ಲಗೆ ಕಟ್ಟೆಯ ಮೇಲೆ ಇಳಿಯಿತು.

ಮಲಗಿದ್ದವಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಮುಖ ಬಿಳಚಿಕೊಂಡಿತ್ತು, ಹಣೆಯ ಮೇಲೆ ಬೆವರು, ಆದರೆ ಕಣ್ಣು ಚುರುಕಾಗಿದ್ದವು. ಪಕ್ಕದಲ್ಲಿ ಎದೆ ಬಡಿದುಕೊಳ್ಳುತ್ತ ನಿಂತವಳು ಅತ್ತೆ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದಾಗ ನಾನು ಅತ್ತೆಯೊಬ್ಬಳೇ ಹೇಳಲಿ ಎಂದೆ.

"ತೊಗರಿ ಚೀಲ ಟ್ರಾಲಿಗಿ ಹೇರಿದ್ವಿ ರೀ. ಭಾಲ್ಕಿ ಮಾರ್ಕೆಟಿಗಿ ಹೋಗೋ ಮಾಲು. ಮಗ ಮುಂದ ಮೋಟಾರ್‌ಸೈಕಲ್ ಮ್ಯಾಲ ಹೋಗ್ಯಾನ. ಇಕಿ ಚೀಲದ ಮ್ಯಾಲ ನಿಂತು ಹಗ್ಗ ಜಗ್ತಿದ್ಲು. ಕೆಳಗ ಕೊಂಡಿಗಿ ನಾ ಗಂಟ್ ಹಾಕಿದ್ದೆ. ನನ್ನ ಗಂಟು ಬಿಚ್ಚಿತು ರೀ ಯವ್ವಾ. ಹಿಂದಕ ಬಿದ್ಲು. ಬಿದ್ದಾಕಿ ಸೊಂಟದ ಮ್ಯಾಲ ಚೀಲ ಬಿದ್ವು."

"ಗಂಟಿಂದೇನ್ ತಪ್ಪಿಲ್ರಿ ಅತ್ತಿ," ಎಂದಳು ಮಲಗಿದ್ದವಳು, ಹಲ್ಲು ಕಚ್ಚಿಕೊಂಡೇ. "ನಾನೇ ಜೋರ್ ಜಗ್ಗಿದೆ. ನಿಮ್ಮ ಮಗ ದಿನಾ ಅಂತಿರ್ತಾನಲ್ರಿ, ಇಕಿ ಕೈಯಾಗ ಎತ್ತಿನ ತಾಕತ್ತದ ಅಂತ."

ಇಂಥ ನೋವಿನಲ್ಲೂ ಅತ್ತೆಯನ್ನು ಸಮಾಧಾನ ಮಾಡುತ್ತಿದ್ದಾಳಲ್ಲ ಎಂದು ನನಗೆ ಅಚ್ಚರಿಯಾಯಿತು. ಅವಳು ನನಗೆ ಆಗಲೇ ಹಿಡಿಸಿದಳು.

ಬಿದ್ದ ಮೇಲೆ ಎಬ್ಬಿಸಿ ನಿಲ್ಲಿಸಿದಿರೇನು, ನಡೆಸಿದಿರೇನು ಎಂದು ಕೇಳಿದೆ. ಅತ್ತೆ ಇಲ್ಲವೆಂದು ತಲೆಯಾಡಿಸಿದಳು. "ಮಂದಿ ಎಬ್ಬಿಸಿ ಗ್ವಾಡಿಗಿ ಆನಿಸಿ ಕೂಡಸಲಾಕ ಹೊಂಟಿದ್ರು ರೀ, ನೀರು ಕುಡಸಲಾಕ. ನಾ ಚೀರಿದೆ. ಜೀವ ಇದ್ದಾಕಿನ್ನ ಹಂಗ ಕೂಡಸಬ್ಯಾಡ್ರೋ, ಅಪಶಕುನ ಅದು, ಮಲಗಿಸೇ ಒಯ್ರಿ ಅಂದೆ."

ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರ ಮನೆಯಲ್ಲಿ, ನಮ್ಮ ಮನೆಯಲ್ಲೂ, ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಕಾಲು ಮಡಚಿ ಪದ್ಮಾಸನ ಹಾಕಿಸಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಮಣ್ಣಿಗಿಡುವುದೂ ಕೂತಂತೆಯೇ. ಹಾಗಾಗಿ ಎಚ್ಚರ ತಪ್ಪುವಂತಿರುವ ಮನುಷ್ಯರನ್ನು ಗೋಡೆಗೆ ಒರಗಿಸಿದರೆ ನಮ್ಮ ಮುದುಕಿಯರ ಎದೆ ಧಸಕ್ಕೆನ್ನುತ್ತದೆ. ಆ ಹೆದರಿಕೆಯೇ ಅವತ್ತು ಈ ಹುಡುಗಿಗೆ ಒಳ್ಳೆಯದನ್ನು ಮಾಡಿತ್ತು. ಕೂಡಿಸಿದ್ದರೆ ಅವಳು ನನ್ನ ತನಕ ಬರುತ್ತಿದ್ದಳೋ ಇಲ್ಲವೋ.

"ಭಾಳ ಛಲೋ ಮಾಡ್ದಿ ಅವ್ವ," ಎಂದೆ. ಆಕೆ ಅಳು ನಿಲ್ಲಿಸಿ ನನ್ನ ಮುಖ ನೋಡಿದಳು.

ಇನ್ನು ಪರೀಕ್ಷೆ. ಸೊಂಟದ ಎಲುಬು ಎಂದು ನಾವು ಕರೆಯುವುದು ಒಂದೇ ಎಲುಬಲ್ಲ, ಅದೊಂದು ಬಳೆ. ಹಿಂದೆ ಬೆನ್ನೆಲುಬಿನ ಬುಡ, ಎರಡು ಮಗ್ಗುಲಿಗೆ ಎರಡು ಅಗಲ ಎಲುಬು, ಮುಂದೆ ಅವೆರಡೂ ಬಂದು ಸೇರುವ ಕೂಡು. ಬಳೆಯನ್ನು ಅದುಮಿದರೆ ಹೇಗೆ ಒಂದೇ ಕಡೆ ಒಡೆಯುವುದಿಲ್ಲವೋ, ಇದೂ ಹಾಗೆಯೇ. ಒಂದು ಕಡೆ ಬಾಯಿ ಬಿಟ್ಟಿದೆಯೆಂದರೆ ಇನ್ನೊಂದು ಕಡೆಯೂ ಬಿಟ್ಟಿರುತ್ತದೆ. ಈ ಬಳೆಯ ಒಳಮೈಗೆ ಅಂಟಿಕೊಂಡು ರಕ್ತನಾಳಗಳ ಬಲೆಯೇ ಇದೆ. ಎಲುಬು ಮುರಿದು ಯಾರೂ ಸಾಯುವುದಿಲ್ಲ, ಆ ನಾಳಗಳಿಂದ ಸೋರುವ ರಕ್ತದಿಂದ ಸಾಯುತ್ತಾರೆ. ಹೊರಗೆ ಒಂದು ಹನಿಯೂ ಕಾಣಿಸುವುದಿಲ್ಲ.

ಹಳೆಯ ಪದ್ಧತಿಯಲ್ಲಿ ಸೊಂಟದ ಎರಡೂ ಮಗ್ಗುಲಿಗೆ ಅಂಗೈ ಇಟ್ಟು ಒಳಕ್ಕೊಮ್ಮೆ ಒತ್ತಿ, ಹೊರಕ್ಕೊಮ್ಮೆ ಹಿಗ್ಗಿಸಿ, ಅಲುಗುತ್ತದೆಯೇ ಎಂದು ನೋಡುತ್ತಿದ್ದರು. ಅಲುಗಿದರೆ ಮುರಿದಿದೆ. ನೋಡಲಿಕ್ಕೆ ಬಲು ಸುಲಭ. ಆದರೆ ಒಳಗೆ ರಕ್ತ ಹೆಪ್ಪುಗಟ್ಟಿ ತನಗೆ ತಾನೇ ಹಾಕಿಕೊಂಡ ಬಿರಡೆ ಆ ಒಂದು ಒತ್ತಿಗೆ ಕಿತ್ತುಹೋಗುತ್ತದೆ. ಕೈಗೆ ಉತ್ತರ ಸಿಗುತ್ತದೆ, ರೋಗಿ ಕೈಬಿಟ್ಟು ಹೋಗುತ್ತಾಳೆ. ಹಾಗಾಗಿ ಈಗ ಅದನ್ನು ಮಾಡಬಾರದು. ಮೊದಲು ಕೇಳಬೇಕು, ಆಮೇಲೆ ನೋಡಬೇಕು, ಕಡೆಗೆ ಮುಟ್ಟಬೇಕು, ಅದೂ ಒಬ್ಬರೇ, ಒಂದೇ ಸಲ.

ಜೊತೆಗೆ ಬಂದ ಹೆಂಗಸರಿಗೆ ಸೆರಗು ಬಿಚ್ಚಿ ಸುತ್ತ ಅಡ್ಡ ಹಿಡಿಯಲು ಹೇಳಿದೆ. ಗಂಡಸರು ಗೇಟಿನ ಆಚೆ ಹೋದರು. ನರ್ಸ್ ಅವಳ ಉಟ್ಟ ಸೀರೆಯನ್ನು ಎಳೆದು ತೆಗೆಯಲು ಬಂದಳು.

"ಎಳೀಬ್ಯಾಡ. ಕತ್ತರಿ ಹಾಕು."

"ಹೊಸಾ ಸೀರಿ ರೀ..." ಎಂದಳು ಹುಡುಗಿ.

"ನಿನ್ನ ಗಂಡನ ಹಂತೇಕ ಇನ್ನೊಂದು ವಸೂಲ್ ಮಾಡೋಣ, ಫಿಕರ್ ಮಾಡಬ್ಯಾಡ," ಎಂದೆ. ನಗಲು ನೋಡಿದಳು, ನಗು ನೋವಾಗಿ ತಿರುಗಿತು.

ಎಡಗಾಲು ಬಲಗಾಲಿಗಿಂತ ಹೊರಕ್ಕೆ ಹೊರಳಿ ಬಿದ್ದಿತ್ತು, ಪಾದದ ತುದಿ ಗೋಡೆಯ ಕಡೆಗೆ. ತೊಡೆಯಲ್ಲಾಗಲೀ ಮೊಣಕಾಲಿನಲ್ಲಾಗಲೀ ಮುರಿದ ಗುರುತಿಲ್ಲ. ಕಾಲೇ ಮುರಿಯದೆ ಕಾಲು ಹೊರಳಿದೆಯೆಂದರೆ ಬುಡದಲ್ಲಿ ಏನೋ ಕಿತ್ತಿದೆ ಎಂದೇ ಅರ್ಥ. ಹೊಟ್ಟೆಯ ಕೆಳಗೆ ಚೀಲದ ನೂಲಿನ ಗೆರೆಗಳು ಚರ್ಮದ ಮೇಲೆ ಅಚ್ಚಾಗಿದ್ದವು. ತೊಡೆಸಂದಿನಲ್ಲಿ ನೀಲಿ ಬಾವು ಏರುತ್ತಿತ್ತು. ಮೂತ್ರದ ದಾರಿಯಲ್ಲಿ ರಕ್ತದ ಒಂದು ಚುಕ್ಕೆ ಕಂಡಿತು. ನರ್ಸ್ ಕೈಯಲ್ಲಿ ಮೂತ್ರದ ನಳಿಕೆ ಹಿಡಿದು ನಿಂತಿದ್ದಳು, ನಾನು ಬೇಡವೆಂದು ಸನ್ನೆ ಮಾಡಿದೆ. ಒಳಗೆ ಹರಿದಿದ್ದರೆ ನಳಿಕೆ ಇನ್ನಷ್ಟು ಹರಿಯುತ್ತದೆ. ಕಾಲ್ಬೆರಳು ಆಡಿಸಲು ಹೇಳಿದೆ, ಆಡಿಸಿದಳು. ಪಾದದ ಮೇಲೆ ನಾಡಿ ತೆಳ್ಳಗೆ ಸಿಕ್ಕಿತು. ಕಡೆಗೆ ಒಂದು ಬೆರಳಿನಿಂದ, ಹಸುಗೂಸಿನ ನೆತ್ತಿ ಮುಟ್ಟುವ ಹಾಗೆ, ಮುಂದಿನ ಕೂಡನ್ನು ಮುಟ್ಟಿದೆ. ಅಲ್ಲಿ ಎಲುಬು ಇರಲಿಲ್ಲ. ನನ್ನ ಬೆರಳು ಸಂದಿನೊಳಗೆ ಇಳಿಯಿತು.

ಬೆರಳು ಮೆಲ್ಲಗೆ ಹಿಂದೆ ತೆಗೆದೆ. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಈ ಬಳೆಯನ್ನು ಮುಚ್ಚಿ ಹಿಡಿಯಲು ಒಂದು ಪಟ್ಟಿ ಬರುತ್ತದೆ, ನಮ್ಮಲ್ಲಿ ಇರಲಿಲ್ಲ. ಬಟ್ಟೆಯೂ ನಡೆಯುತ್ತದೆ, ಸರಿಯಾದ ಜಾಗಕ್ಕೆ ಕಟ್ಟಬೇಕಷ್ಟೆ. ಹೊರಸಿನ ತಲೆಗಡೆ ಒಂದು ಹಳೆಯ ಹತ್ತಿ ಸೀರೆ ಮಡಚಿ ಇಟ್ಟಿದ್ದರು. ಉಟ್ಟು ಒಗೆದು ಮೆತ್ತಗಾದದ್ದು, ಆದರೆ ಎಳೆ ಗಟ್ಟಿ. "ಇದನ್ನ ಸೊಂಟಕ್ಕ ಕಟ್ಟಬೇಕು" ಎಂದದ್ದೇ ತಡ, ಅತ್ತೆ ಮುಂದೆ ಬಂದಳು. ಮೊಮ್ಮಗಳು ಹುಟ್ಟಿದಾಗ ಬಾಣಂತಿ ಸೊಸೆಗೆ ದಿನಾ ಇದೇ ಸೀರೆಯಿಂದ ಸೊಂಟ ಕಟ್ಟಿದವಳು ಅವಳೇ. ನಮ್ಮ ನರ್ಸೂ ಅದೇ ಊರಿನ ಕಡೆಯವಳು. ನಾನು ಸಲೈನಿನ ಸೂಜಿ ಚುಚ್ಚಿ ತಿರುಗುವುದರೊಳಗೆ ಇಬ್ಬರೂ ಸೇರಿ ಹೊಕ್ಕಳಿನ ಮೇಲೆ ಬಾಣಂತಿಗೆ ಕಟ್ಟಿದ ಹಾಗೆಯೇ ಬಿಗಿದು ಕಟ್ಟಿಬಿಟ್ಟಿದ್ದರು. ನಡು ಕಟ್ಟುವುದೆಂದರೆ ನಮ್ಮ ಕಡೆ ಅದೇ. ಆದರೆ ಅಲ್ಲಿ ಕಟ್ಟಿದರೆ ಕೆಳಗಿನ ಬಳೆ ಇನ್ನಷ್ಟು ಬಾಯಿ ಬಿಡುತ್ತದೆ.

"ಅಯ್ಯ, ಬಿಚ್ರಿ ಬಿಚ್ರಿ! ಇದು ಬಾಣಂತಿ ಸೊಂಟಲ್ಲ. ಕೆಳಗ ಬರಬೇಕು, ತೊಡಿ ಎಲುಬಿನ ಗುಬುಟಿಗಿ."

"ಅಷ್ಟು ಕೆಳಗೇನ್ರಿ? ಕುಂಡಿ ಮ್ಯಾಲ?" ಎಂದಳು ಅತ್ತೆ ನಾಚಿಕೊಂಡು.

"ಹೌದ್ರಿ, ಕುಂಡಿ ಮ್ಯಾಲೇ. ನಾಚಿಕಿ ನಾಳಿಗಿ ಇಟ್ಕೊಳ್ಳೋಣ."

ಮೊಣಕಾಲಿನ ಹಿಂದಿನ ಸಂದಿನಿಂದ ಸೀರೆಯನ್ನು ತೂರಿಸಿ, ಅವಳನ್ನು ಹೊರಳಿಸದೆ, ಗೇಣು ಗೇಣಾಗಿ ಮೇಲಕ್ಕೆ ಸರಿಸಿದೆವು. ತೊಡೆಯ ಹೊರಮಗ್ಗುಲಿನಲ್ಲಿ ಕೈಗೆ ಸಿಗುವ ಗಟ್ಟಿ ಗುಬುಟುಗಳ ಮೇಲೆ ಬರೋಬ್ಬರಿ ಬಂದಾಗ ನಾನೊಂದು ತುದಿ, ನರ್ಸ್ ಒಂದು ತುದಿ ಹಿಡಿದು ಮೆಲ್ಲಗೆ ಬಿಗಿದೆವು. ಎರಡು ಪಾದಗಳನ್ನು ಒಳಕ್ಕೆ ತಿರುಗಿಸಿ ಜೋಡಿಸಿ ಕಟ್ಟಿದೆ. ಸೀರೆಯ ಗಂಟನ್ನು ನಾನೇ ಹಾಕಿದೆ. ಬಿಗಿಯುವಾಗ ಬಾಯಿಗೆ ಸೆರಗು ತುರುಕಿಕೊಂಡಿದ್ದ ಹುಡುಗಿ, ಮುಗಿದ ಮೇಲೆ ಉಸಿರು ಬಿಟ್ಟು "ಈಗ ಜರಾ ಹಗುರಾಯ್ತು ರೀ" ಎಂದಳು. ಅವಳ ಬಿಪಿ ಒಂದು ಮೆಟ್ಟಿಲು ಏರಿತು. ನನಗೂ ಜೀವ ಬಂದಂತಾಯಿತು.

ಇಲ್ಲಿ ಒಂದು ನಿರ್ಧಾರ ಮಾಡಬೇಕಿತ್ತು. ನಮ್ಮಲ್ಲಿ ಎಕ್ಸ್-ರೇ ಇದೆ, ತೆಗೆಯುವವನು ಅವತ್ತು ಬೇರೆ ಕಡೆ ಡ್ಯೂಟಿ ಮೇಲಿದ್ದ, ಕರೆಸಬೇಕು. ಚಿತ್ರವಿಲ್ಲದೆ ಕಳಿಸಿದರೆ ಬೀದರಿನಲ್ಲಿ "ಏನ್ ನೋಡಿ ಕಳಿಸಿದ್ರಿ ಮೇಡಂ?" ಎಂದು ಕೇಳುತ್ತಾರೆ. ಕೇಳಲಿ. ನನ್ನ ಬೆರಳು ಇಳಿದ ಸಂದಿಗೆ ಚಿತ್ರ ಬೇಕಾಗಿರಲಿಲ್ಲ, ರಕ್ತ ಬೇಕಾಗಿತ್ತು, ಅದು ಬೀದರಿನಲ್ಲಿತ್ತು. ರಕ್ತ ಸೋರುವುದನ್ನು ತಗ್ಗಿಸುವ ಸೂಜಿ ಕೊಟ್ಟೆ, ಹೊರರೋಗಿಗಳನ್ನು ಜೊತೆಯ ಡಾಕ್ಟರಿಗೆ ಒಪ್ಪಿಸಿದೆ, ಬೀದರಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಆಂಬುಲೆನ್ಸ್ ಹತ್ತಿದೆ. ಅತ್ತೆಯೂ ಹತ್ತಿದಳು.

ಡ್ರೈವರಿಗೆ ನಾನು ಮೊದಲು ಜಲ್ದಿ ಹೋಗು ಎಂದೆ, ಒಂದು ಹಂಪ್ ದಾಟಿದ ಮೇಲೆ ಹಗುರ ಹೋಗು ಎಂದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಒಂದು ಹೇಳ್ರಿ ಮೇಡಂ. ಜಲ್ದೀನೋ ಹಗುರೋ?" ಎಂದ. ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ಕೇಳಿದ್ದರಲ್ಲಿ ತಪ್ಪೇನಿತ್ತು. ಎರಡೂ ಬೇಕಾಗಿತ್ತು, ಎರಡೂ ಒಟ್ಟಿಗೆ ಸಿಗುವಂತಿರಲಿಲ್ಲ.

ಅತ್ತೆ ಭಾಲ್ಕಿಯಲ್ಲಿದ್ದ ಮಗನಿಗೆ ಫೋನ್ ಹಚ್ಚಿದಳು. "ಬಿದ್ದಾಳ" ಎಂದಳಷ್ಟೇ. ಫೋನನ್ನು ಸೊಸೆಯೇ ಕೇಳಿ ತೆಗೆದುಕೊಂಡಳು. "ಏನಾಗಿಲ್ಲ, ಸೊಂಟಕ್ಕ ಜರಾ ಪೆಟ್ಟಾಗ್ಯದ. ಡಾಕ್ಟರಬಾಯಿಯವ್ರು ಭಾಳ ಜೋರಿದ್ದಾರ, ನನಗೇನ್ ಆಗಲಾಕ ಬಿಡಂಗಿಲ್ಲ. ನೀ ಗಾಡಿ ಹಗುರ ಹೊಡಿ. ಬೀದರಿಗಿ ಬಾ."

ಮಾಂಜ್ರಾ ಸೇತುವೆ ದಾಟುವಾಗ ಅವಳಿಗೆ ಬೆನ್ನು ಸೀಳಿದಂತೆ ನೋಯತೊಡಗಿತು. ನಾಡಿ ಓಡುತ್ತಿತ್ತು. ತುಟಿ ಒಣಗಿತ್ತು. ನನ್ನ ಕೈ ಹಿಡಿದು, "ಒಂದ್ ಜರಾ ಎಬ್ಬಿಸಿ ಕೂಡಸ್ರಿ, ಕೈ ಮುಗೀತೇನಿ, ಒಂದೇ ಜರಾ" ಎಂದಳು.

"ಈಗ ಬ್ಯಾಡವ್ವ. ಎಲುಬು ಕೂಡ್ಲಿ. ಕೂಡಿದ ಮ್ಯಾಲ ನಾನೇ ನಿಮ್ಮ ಮನಿಗಿ ಬಂದು, ನನ್ನ ಕೈಯಾರ ಕೂಡಸ್ತೇನಿ. ಆಯ್ತಿಲ್ಲೋ?"

"ಖರೇನ ಬರ್ತೀರಿ?"

"ಖರೇನ ಬರ್ತೇನಿ."

"ಕೂಡಸೋ ಮಾತು ಆಡಬ್ಯಾಡ್ರಿ!" ಎಂದು ಅತ್ತೆ ನನ್ನ ಮೇಲೆಯೇ ಚೀರಿದಳು. ಆಡಿದ ಮೇಲೆಯೇ ನನಗೂ ಹೊಳೆದದ್ದು. ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದವಳ ಬಾಯಿಂದ ಆ ಮಾತು ಹೇಗೆ ಬಂತೋ ಕಾಣೆ. ಹುಡುಗಿ ಮಾತ್ರ ಕಣ್ಣು ಮುಚ್ಚಿಕೊಂಡು, "ಬಂದಾಗ ಹೋಳಿಗಿ ಮಾಡ್ತೇನಿ ರೀ" ಎಂದಳು.

ಬೀದರಿನಲ್ಲಿ ಕ್ಯಾಶುವಾಲ್ಟಿಯ ಬಾಗಿಲಿನಲ್ಲೇ ಎಳೆಯ ಡಾಕ್ಟರೊಬ್ಬ ಎದುರಾದ. ರಾತ್ರಿಯಿಂದ ನಿಂತೇ ಕೆಲಸ ಮಾಡಿದವನ ಮುಖ. ನಾನು ಹೇಳಿದ್ದನ್ನು ಅರ್ಧ ಕೇಳಿ, ಸೀರೆಯ ಮೇಲಿನಿಂದಲೇ ಸೊಂಟದ ಎರಡೂ ಮಗ್ಗುಲಿಗೆ ಅಂಗೈ ಇಡಲು ಬಗ್ಗಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

"ಒತ್ತಬ್ಯಾಡ. ನಾ ನೋಡೀನಿ. ಕೂಡು ಬಿಟ್ಟದ."

"ನಾ ಸ್ವತಃ ನೋಡಬೇಕಲ್ಲ ಮೇಡಂ?"

"ಆಕಿ ಒಬ್ಬಾಕಿನೇ ಇದ್ದಾಳಪ್ಪ. ಬಂದ ಬಂದವರೆಲ್ಲ ಒತ್ತಿ ನೋಡಿದ್ರ ಆಕಿ ಉಳೀತಾಳೇನು?"

ಅವನಿಗೆ ಸಿಟ್ಟು ಬಂತು, ಆದರೆ ಕೈ ಹಿಂದೆ ತೆಗೆದ. ಹಾಸಿಗೆಯ ಪಕ್ಕಕ್ಕೇ ಎಕ್ಸ್-ರೇ ಯಂತ್ರ ತಳ್ಳಿಕೊಂಡು ಬಂದರು. ಸೀರೆ ಕಟ್ಟಿದ ಹಾಗೆಯೇ ತೆಗೆಸಿದೆ. ಚಿತ್ರ ಬಂದಾಗ ಹೊಸ ಪೇಚು ಶುರುವಾಯಿತು. ಚಿತ್ರದಲ್ಲಿ ಬಳೆ ಹೆಚ್ಚುಕಡಿಮೆ ನೆಟ್ಟಗಿತ್ತು. ಮುಂದಿನ ಕೂಡಿನಲ್ಲಿ ಸಣ್ಣ ಗೆರೆಯಷ್ಟೇ ಸಂದು.

"ಏನ್ ಅಷ್ಟೇನಿಲ್ಲಲ್ಲ ಮೇಡಂ? ಕಟ್ಟು ಸಡಿಲ ಮಾಡಿ ಇನ್ನೊಂದು ಫಿಲಂ ತೆಗೆಯೋಣ. ರಕ್ತ ಎಲ್ಲಿಂದ ಹೋಗ್ತದ ಗೊತ್ತಾಗ್ಬೇಕಲ್ಲ?"

ಅವನು ಕೇಳಿದ್ದು ಮೂರ್ಖ ಪ್ರಶ್ನೆಯಲ್ಲ. ಕಟ್ಟು ಸರಿಯಾಗಿ ಕೂತಿದ್ದರೆ ಒಡೆದ ಬಳೆಯೂ ಒಡೆಯದ ಹಾಗೆ ಕಾಣುತ್ತದೆ, ಚಿತ್ರ ಸುಳ್ಳು ಹೇಳುತ್ತದೆ. ಆದರೆ ನನಗೂ ಒಳಗೊಳಗೆ ಅಳುಕು ಹೊಕ್ಕಿತು. ಬಿಪಿ ಮತ್ತೆ ಇಳಿಯುತ್ತಿತ್ತು. ರಕ್ತ ಹೊಟ್ಟೆಯಲ್ಲಿ ಸೋರುತ್ತಿದ್ದು, ನಾನು ಸೊಂಟವನ್ನೇ ಹಿಡಿದುಕೊಂಡು ಕೂತಿದ್ದರೆ? ನನ್ನ ಒಂದು ಬೆರಳಿನ ಮಾತನ್ನು ನಂಬಿ ಎಲ್ಲರ ಕೈ ಕಟ್ಟಿಹಾಕುತ್ತಿದ್ದೇನಲ್ಲ, ಆ ಬೆರಳೇ ತಪ್ಪಿದ್ದರೆ? ಬಿಚ್ಚು ಎಂದು ಒಂದು ಮಾತು ಹೇಳಿದರೆ ಗೊತ್ತಾಗುತ್ತಿತ್ತು. ಗಂಟಿನ ಮೇಲೆ ಕೈಯಿಟ್ಟುಕೊಂಡು ನಿಂತೆ.

"ಬಿಚ್ಚಂಗಿಲ್ಲ," ಎಂದೆ. "ಹೊಟ್ಟಿ ಸ್ಕ್ಯಾನ್ ಮಾಡು. ಹೊಟ್ಟಿಯಾಗ ರಕ್ತ ಇಲ್ಲಂದ್ರ ಇಲ್ಲೇ ಹೋಗ್ತಿರ್ತದ."

ಸ್ಕ್ಯಾನಿನಲ್ಲಿ ಹೊಟ್ಟೆ ಸ್ವಚ್ಛವಿತ್ತು. ಅಷ್ಟರಲ್ಲಿ ಹಿರಿಯ ಸರ್ಜನ್ ಬಂದರು. ಮಾತು ಕಡಿಮೆಯ ಮನುಷ್ಯ. ಚಿತ್ರ ನೋಡಿದರು, ಹೊದಿಕೆ ಸರಿಸಿ ಸೀರೆ ಕಟ್ಟಿದ ಜಾಗ ನೋಡಿದರು, ಪಾದದ ಕಟ್ಟು ನೋಡಿದರು. ಯಾವುದನ್ನೂ ಮುಟ್ಟಲಿಲ್ಲ.

"ಯಾರು ಕಟ್ಟಿದ್ದು?"

"ನಾನು ಸರ್."

"ಇರಲಿ. ಥಿಯೇಟರಿಗೆ ತಗೊಳ್ಳಿ. ಒಳಗಿಂದ ಬಟ್ಟೆ ತುಂಬಿ ಒತ್ತಿ ಹಿಡಿಯೋಣ. ರಕ್ತ ಎಲ್ಲಿ?"

ರಕ್ತ ಬರುತ್ತಿತ್ತು, ಬಂದದ್ದು ಸಾಲುತ್ತಿರಲಿಲ್ಲ. ರಕ್ತನಾಳಕ್ಕೆ ತಂತಿ ತೂರಿಸಿ ಒಳಗಿನಿಂದಲೇ ಸೋರಿಕೆ ಮುಚ್ಚುವ ಸೌಕರ್ಯ ಬೇಕೆಂದರೆ ಹೈದರಾಬಾದಿಗೇ ಹೋಗಬೇಕು. ಅಲ್ಲಿಯ ತನಕ ಅವಳು ತಡೆಯುವುದಿಲ್ಲ ಎಂದು ಸರ್ಜನ್ ಹೇಳಿದರು. ನನಗೂ ಅದು ಕಾಣುತ್ತಿತ್ತು.

ಥಿಯೇಟರಿನ ದಾರಿಯಲ್ಲಿ ಗಂಡ ಸಿಕ್ಕ. ಭಾಲ್ಕಿಯಿಂದ ಮೋಟಾರ್‌ಸೈಕಲ್ ಮೇಲೆ ಬಂದವನು, ರೆಪ್ಪೆಯ ತನಕ ಧೂಳು. ಅವಳ ಗಲ್ಲ ಮುಟ್ಟಲು ಕೈ ಚಾಚಿದ, ಕೈಗೆ ಮಣ್ಣು ಹತ್ತಿದ್ದು ನೋಡಿ ಅಂಗಿಗೆ ಒರೆಸಿಕೊಂಡು ಮತ್ತೆ ಚಾಚಿದ. ಅವಳಿಗೆ ಆಗಲೇ ಮಂಪರು.

"ಹಗುರ ಬಾ ಅಂದಿದ್ನಲ್ಲ," ಎಂದಳು.

"ಹಗುರೇ ಬಂದೀನಿ," ಎಂದ ಅವನು.

"ಸುಳ್ಳ."

ಅವನು ಅವಳ ಮೇಲೆ ಬಗ್ಗಿ, ಅಪ್ಪಿಕೊಳ್ಳಲೆಂದು ಸೊಂಟದ ಕಡೆಗೆ ಕೈ ತಂದ. ನಾನು ಅಭ್ಯಾಸಬಲದಿಂದ ಗದರಿದೆ: "ಅಲ್ಲಿ ಮುಟ್ಟಬ್ಯಾಡ್ರಿ! ಹಗುರ, ನೂಸ್ತದ ಆಕಿಗಿ." ಅವಳಿಗೆ ನೋಯುತ್ತದೆ ಎಂದದ್ದೇ ತಡ, ಅವನು ಬೆಂಕಿ ತಾಗಿದವನ ಹಾಗೆ ಕೈ ಎಳೆದುಕೊಂಡ. ಅವಳನ್ನು ಒಳಗೆ ಒಯ್ದರು. ಆ ಕೈ ಹಾಗೆಯೇ ಗಾಳಿಯಲ್ಲಿ ಉಳಿಯಿತು. ಇವತ್ತಿಗೂ ನನ್ನ ಕಣ್ಣ ಮುಂದೆ ಬರುವುದು ಅದು. ಒಂದು ಸಲ ಮುಟ್ಟಲು ಬಿಡಬಹುದಿತ್ತೇ? ಬಿಡಬಾರದಿತ್ತು. ಗೊತ್ತು. ಆದರೂ.

ಸರ್ಜನ್ ಒಳಗೆ ಬಟ್ಟೆ ತುಂಬಿದರು, ಒತ್ತಿದರು. ರಕ್ತ ಏರಿಸಿದಷ್ಟೂ ಸೋರಿತು. ಕಡೆಗೆ ಅವಳ ರಕ್ತ ಹೆಪ್ಪುಗಟ್ಟುವುದನ್ನೇ ಮರೆತುಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಸರ್ಜನ್ ಹೊರಗೆ ಬಂದು ನನ್ನ ಮುಂದೆ ನಿಂತರು. "ನೀವು ಮಾಡಿದ್ದೆಲ್ಲ ಸರಿಯಿತ್ತು, ಡಾಕ್ಟರ್" ಎಂದರು. ಅದೊಂದು ಮಾತು ಸಾಕಾಗಿತ್ತು ನನಗೆ ಎಲ್ಲ ತಿಳಿಯಲು. ಸರಿಯಿದ್ದದ್ದನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಅತ್ತೆಗೆ ನಾನೇ ಹೇಳಿದೆ. ಅವಳು ಅಳಲಿಲ್ಲ. "ನಿನ್ನ ಗಂಟು ಬಿಚ್ಚಿಲ್ಲವ್ವ," ಎಂದಳು. "ನನ್ನ ಗಂಟು ಬಿಚ್ಚಿತು." ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟೆ. ರೋಗಿಗಳ ಮುಂದೆ ಅಳಬಾರದು ಎಂದು ನಮಗೆ ಕಲಿಸಿದ್ದಾರೆ. ಯಾರು ಕಲಿಸಿದರೋ ಅವರು ಅಲ್ಲಿ ಇರಲಿಲ್ಲ.

ಪೊಲೀಸರ ಪಂಚನಾಮೆ ಆಯಿತು, ಪೋಸ್ಟ್ ಮಾರ್ಟಂ ಆಯಿತು. ಶವಾಗಾರದವರು ಮೈ ತೊಳೆದು ಕೊಡುವಾಗ ಆ ಸೀರೆ ಒಂದು ಮೂಲೆಯಲ್ಲಿ ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡು ಮತ್ತೆ ಅದೇ ಜಾಗಕ್ಕೆ, ತೊಡೆಯ ಗುಬುಟುಗಳ ಮೇಲೆ, ಬರೋಬ್ಬರಿ ಸುತ್ತಿ ಕಟ್ಟಿದೆ. ಯಾಕೆ ಎಂದು ಕೇಳಬೇಡಿ. ಔರಾದಿನ ತನಕ ಆ ರಸ್ತೆಯ ಹಂಪುಗಳನ್ನು ಬೆಳಿಗ್ಗೆಯಷ್ಟೇ ನೋಡಿದ್ದೆ.

ನಮ್ಮ ಆಂಬುಲೆನ್ಸ್ ಯಾವಾಗಲೋ ಹೋಗಿತ್ತು. ಹೆಣ ಒಯ್ಯಲು ಅವರು ಬಾಡಿಗೆಗೆ ತಂದ ಗಾಡಿಯನ್ನೇ ನಾನೂ ಹತ್ತಿದೆ. ಡ್ರೈವರ್ ಬೇರೆಯವನು, ಜೋರಾಗಿ ಓಡಿಸಿದ. ಹಗುರ ಹೋಗು ಎನ್ನಲು ಬಾಯಿ ತೆರೆದು ಸುಮ್ಮನಾದೆ.

ಊರು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಮನೆಯ ಮುಂದೆ ಟ್ರಾಲಿ ಹಾಗೆಯೇ ನಿಂತಿತ್ತು, ಹಗ್ಗ ಜೋತುಬಿದ್ದಿತ್ತು. ಅಂಗಳದ ತುಂಬ ಮಂದಿ, ಅವಳ ಮಗಳನ್ನು ನೆರೆಯವಳೊಬ್ಬಳು ಎತ್ತಿಕೊಂಡಿದ್ದಳು. ಮನೆತನದ ಅಯ್ಯನವರು, ಕ್ರಿಯೆ ಮಾಡಿಸುವ ಹಿರಿಯ ಜಂಗಮ, ಪಡಸಾಲೆಯ ಗೋಡೆಗೆ ಹಾಸಿಗೆ ಹಾಸಿಸಿ ಕಾಯುತ್ತಿದ್ದರು. ಗೋಡೆಯಲ್ಲಿ ತಲೆ ಆಧರಿಸಲು ಗೂಟ ಹೊಡೆದಾಗಿತ್ತು.

"ಜಲ್ದಿ ಕೂಡಸಬೇಕ್ರಿ. ಗಟ್ಟಿ ಆದ್ರ ಕಾಲು ಮಡಚಂಗಿಲ್ಲ," ಎಂದರು.

ಹೆಂಗಸರು ಅವಳ ಕಾಲಿಗೆ ಕೈ ಹಾಕಲು ಬಂದರು. ಸೊಂಟದ ಕಟ್ಟು ನೋಡಿ ನಿಂತರು. ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ನಾನು ಕೂಗಾಡಿದ್ದನ್ನು ಕೇಳಿದವರೇ ಅವರಲ್ಲಿ ಹೆಚ್ಚಿನವರು. ಅತ್ತೆ ನನ್ನ ಕಡೆ ತಿರುಗಿದಳು.

"ನೀ ಕಟ್ಟಿದ್ದವ್ವ. ನೀನೇ ಬಿಚ್ಚು. ನೀನೇ ಕೂಡಸು. ಆಕಿಗಿ ಮಾತು ಕೊಟ್ಟೀದಿ."

ಆಂಬುಲೆನ್ಸಿನಲ್ಲಿ ಚೀರಿದಾಗಿನ ಸಿಟ್ಟು ಅವಳ ಕಣ್ಣಲ್ಲಿ ಇನ್ನೂ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈ ತೊಳೆದುಕೊಂಡು ಬಂದೆ.

ಹೆಂಗಸರು ಮತ್ತೆ ಸೆರಗು ಅಡ್ಡ ಹಿಡಿದರು, ಬೆಳಿಗ್ಗೆ ಹಿಡಿದ ಹಾಗೆಯೇ. ಒಳಗೆ ನಾನು, ಅತ್ತೆ, ಗಂಡ. ಗಂಟು ಬಿಚ್ಚಿದೆ. ಸೀರೆ ಸಡಿಲವಾದ ಕೂಡಲೇ ಎಡಗಾಲು ತನ್ನಷ್ಟಕ್ಕೆ ಹೊರಕ್ಕೆ ಹೊರಳಿತು, ಕಟ್ಟೆಯ ಮೇಲೆ ಮೊದಲು ನೋಡಿದಾಗಿನಂತೆಯೇ. ಮೊಣಕಾಲುಗಳು ಸೆಡೆಯತೊಡಗಿದ್ದವು. ಅತ್ತೆ ಬಿಸಿನೀರಿನ ಬಟ್ಟೆ ಇಟ್ಟು ತಿಕ್ಕಿದಳು. ನಾನು ಸೊಂಟದ ಎರಡೂ ಮಗ್ಗುಲಿಗೆ ಎರಡೂ ಅಂಗೈ ಇಟ್ಟೆ. ಕಾಲು ಮಡಚಬೇಕಾದರೆ ಯಾರಾದರೂ ಅಲ್ಲಿ ಹಿಡಿಯಲೇಬೇಕು. ಇಡೀ ದಿನ ಯಾರಿಗೂ ಇಡಗೊಡದ ಜಾಗ ಅದು. ನನ್ನ ಕೈಯ ಕೆಳಗೆ ಬಳೆ ಬಾಯಿ ಬಿಟ್ಟಿತು, ಮುಚ್ಚಿತು. ಬೆಳಿಗ್ಗೆ ಬೆರಳು ಹೇಳಿದ್ದು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಬಲಗಾಲು ಮಡಚಿದೆ. ಅದರ ಮೇಲೆ ಎಡಗಾಲನ್ನು ತರಲು ಸ್ವಲ್ಪ ಜೋರು ಮಾಡಬೇಕಾಯಿತು. ಗಂಡ ಅವಳ ಬೆನ್ನ ಹಿಂದೆ ಕೂತು, ಅವಳ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡಿದ್ದ. ಅವನು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದ.

"ಹಗುರ ರೀ ಡಾಕ್ಟರಬಾಯಿ," ಎಂದ. "ನೂಸ್ತದ ಆಕಿಗಿ."

"ಹೂನಪ್ಪ. ಹಗುರೇ ಮಾಡ್ತೇನಿ," ಎಂದೆ.

ಮತ್ತೆ ಮೊದಲಿನಿಂದ, ಗೇಣು ಗೇಣಾಗಿ, ಹಗುರವಾಗಿಯೇ ಅವಳನ್ನು ಕೂಡಿಸಿದೆ.